ಎಂಜಿನ್ ನಂಬರು

ಶ್ರೀರಂಗಪಟ್ಟಣದ ಹತ್ತಿರ, ನಗುವನಹಳ್ಳಿಯಲ್ಲಿ ಧರ್ಮಸ್ಥಳದವರು ಕಟ್ಟಿಸಿರುವ ‘ಪಯಣ’ ಹಳೆಯ ಕಾರುಗಳ ಮ್ಯೂಸಿಯಮ್ಮಿಗೆ ಕಳೆದ ತಿಂಗಳು ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಮಂಡಿ ಮೊಹಲ್ಲಾದ ಶೆಡ್ಡಿನಲ್ಲಿ ನಲವತ್ತು ವರ್ಷ ಟಿಂಕರಿಂಗ್ ಮಾಡಿದ ಮನುಷ್ಯ, ಖುಷಿಪಡುತ್ತಾನೆ ಅಂದುಕೊಂಡಿದ್ದೆ. ಆದರೆ ಅಪ್ಪ ಫಳಫಳ ಹೊಳೆಯುವ ಬಾನೆಟ್ಟುಗಳನ್ನು ನೋಡಲೇ ಇಲ್ಲ. ಪ್ರತಿ ಕಾರಿನ ಮುಂದೆಯೂ ಮಂಡಿಯ ಮೇಲೆ ಕೈಯೂರಿ ಬಗ್ಗಿ, ನೆಲ ನೋಡುತ್ತಿದ್ದ. ಏನು ಹುಡುಕುತ್ತಿದ್ದೀಯ ಅಂದರೆ, “ಎಣ್ಣೆ ತೊಟ್ಟಿಕ್ಕಿದ ಕಲೆ ಕಣವ್ವ. ಓಡೋ ಗಾಡಿ ಅಂದ್ಮೇಲೆ ಒಂದು ತೊಟ್ಟಾದ್ರೂ ಸೋರ್ತದೆ” ಅಂದ.

ನಾವು ಅಲ್ಲಿಗೆ ಹೋಗಿದ್ದಕ್ಕೆ ಕಾರಣ ಒಂದು ಫೋನ್ ಕರೆ. ಅದನ್ನು ಹೇಳಬೇಕಾದರೆ ಏಳು ವರ್ಷ ಹಿಂದಕ್ಕೆ ಹೋಗಬೇಕು. (ಅಪ್ಪನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಆಗ ನಾನು ಮಾನಸಗಂಗೋತ್ರಿಯಲ್ಲಿ ತತ್ತ್ವಶಾಸ್ತ್ರದ ಎಂ.ಎ. ಓದುತ್ತಿದ್ದೆ. ಶೆಡ್ಡಿಗೆ ಕೊಡಗಿನ ಒಂದು ಕಾಫಿ ತೋಟದಿಂದ 1950ರ ದಶಕದ ಅಮೆರಿಕನ್ ಕಾರು ಬಂತು. ಎರಡೇ ಬಾಗಿಲು, ಮಡಚಿಡುವ ಬಟ್ಟೆಯ ಟಾಪು. ಯಾವ ಕಂಪನಿಯದ್ದು ಅಂತ ಬರೆದರೆ ಮಾಲೀಕರು ಯಾರೆಂದು ಮೈಸೂರಿನಲ್ಲಿ ಅರ್ಧ ದಿನದಲ್ಲಿ ಗೊತ್ತಾಗಿಬಿಡುತ್ತದೆ, ಬೇಡ. ಟಾಪು ಯಾವತ್ತೋ ಕೊಳೆತುಹೋಗಿತ್ತು, ಹಿಂದಿನ ಸೀಟಿನ ಜಾಗದಲ್ಲಿ ಗೊಬ್ಬರದ ವಾಸನೆ. ಬಾನೆಟ್ ಎತ್ತಿದರೆ ಒಳಗೆ ಪರ್ಕಿನ್ಸ್ ಡೀಸೆಲ್ ಎಂಜಿನ್.

ಇದು ವಿಚಿತ್ರವೇನಲ್ಲ. 1928ರಿಂದ ಮುಂಬೈಯಲ್ಲಿ ಕಾರು ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್ 1954ರಲ್ಲಿ ಬಾಗಿಲು ಹಾಕಿತು. ಬಿಡಿಭಾಗ ತರಿಸುವುದು ಕಷ್ಟವಾಯಿತು. ಪೆಟ್ರೋಲನ್ನು ನೀರಿನಂತೆ ಕುಡಿಯುವ ಆ ದೊಡ್ಡ ಎಂಜಿನ್‌ಗಳು ಒಂದೊಂದಾಗಿ ನಿಂತುಹೋದಾಗ, ನಮ್ಮ ಮೆಕ್ಯಾನಿಕ್ಕುಗಳು ಅವುಗಳ ಜಾಗಕ್ಕೆ ಮದ್ರಾಸಿನ ಸಿಂಪ್ಸನ್ ಕಂಪನಿ ತಯಾರಿಸುತ್ತಿದ್ದ ಪರ್ಕಿನ್ಸನ್ನೋ, ಅಂಬಾಸಿಡರಿನ ಎಂಜಿನ್ನನ್ನೋ ಕೂರಿಸಿದರು. ಅಮೆರಿಕದಲ್ಲಾಗಿದ್ದರೆ ಗುಜರಿಗೆ ಹೋಗುತ್ತಿದ್ದ ಕಾರುಗಳು ಇಲ್ಲಿ ಇನ್ನೂ ಮೂವತ್ತು ವರ್ಷ ಓಡಿದವು.

ಕಾರನ್ನು ಕೊಂಡಿದ್ದವರು ಸಂಗ್ರಾಹಕರು. ಅವರಿಗೆ ಆ ಮೂವತ್ತು ವರ್ಷವೇ ರೋಗ. ಪರ್ಕಿನ್ಸನ್ನು ತೂಕಕ್ಕೆ ಹಾಕಿಸಿದರು. ಎಲ್ಲಿಂದಲೋ ಅದೇ ವರ್ಷದ, ಅದೇ ಬಗೆಯ ಪೆಟ್ರೋಲ್ ಎಂಜಿನ್ ಹುಡುಕಿ ತಂದರು. ಕೊನೆಗೆ ಒಂದು ರಾತ್ರಿ ಬಂದು, ಹೊಸ ಎಂಜಿನ್ನಿನ ನಂಬರು ಉಜ್ಜಿ ತೆಗೆದು, ಕಾಗದದಲ್ಲಿರುವ ಹಳೇ ನಂಬರು ಪಂಚ್ ಮಾಡಿಕೊಡಿ ಅಂದರು. ಸಂಗ್ರಾಹಕರ ಲೋಕದಲ್ಲಿ ಕಾರ್ಖಾನೆಯಿಂದ ಬಂದಾಗ ಇದ್ದ ಎಂಜಿನ್ನೇ ಇರುವ ಕಾರಿಗೆ ಬೆಲೆ ಬೇರೆ. ₹18,000 ಕೊಟ್ಟರು. ಅಪ್ಪ ಒಂದೊಂದೇ ಅಂಕಿಯ ಅಚ್ಚು ಇಟ್ಟು ಸುತ್ತಿಗೆಯಲ್ಲಿ ಹೊಡೆಯುವಾಗ ಟಾರ್ಚ್ ಹಿಡಿದಿದ್ದವಳು ನಾನು. ಆ ದುಡ್ಡಿನಲ್ಲಿ ನನ್ನ ಫೀಸು ಕಟ್ಟಿದ್ದಾಯಿತು.

ಅದೇ ವಾರ ತರಗತಿಯಲ್ಲಿ ‘ಮಿಲಿಂದಪನ್ಹ’ ನಡೆಯುತ್ತಿತ್ತು. ಗ್ರೀಕ್ ಮೂಲದ ರಾಜ ಮಿಲಿಂದನನ್ನು ಭಿಕ್ಷು ನಾಗಸೇನ ಕೇಳುತ್ತಾನೆ: ನೀನು ನಡೆದು ಬಂದೆಯೋ, ರಥದಲ್ಲಿ ಬಂದೆಯೋ? ರಥದಲ್ಲಿ. ಹಾಗಾದರೆ ಅಚ್ಚು ರಥವೋ, ಗಾಲಿ ರಥವೋ, ನೊಗ ರಥವೋ? ಯಾವುದೂ ಅಲ್ಲ. ಇವನ್ನೆಲ್ಲ ಬಿಟ್ಟು ಬೇರೆ ರಥವುಂಟೋ? ಅದೂ ಇಲ್ಲ. ಕೊನೆಗೆ ರಾಜನೇ ಒಪ್ಪುತ್ತಾನೆ, ಇವೆಲ್ಲ ಕೂಡಿದಾಗ ನಾವು ಇಟ್ಟುಕೊಂಡ ಹೆಸರಷ್ಟೇ ರಥ. ನನಗೆ ಎಷ್ಟು ಸಮಾಧಾನವಾಯಿತೆಂದರೆ! ‘ಮೂಲ ಕಾರು’ ಅನ್ನುವುದೇ ಇಲ್ಲದ ಮೇಲೆ ಸುಳ್ಳು ನಂಬರು ಎಲ್ಲಿಂದ ಬಂತು? ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಒಳ್ಳೆಯ ಅಂಕವೂ ಬಂತು.

ಈಗ ಅದೇ ಗ್ರಂಥದ ಸುತ್ತ ಪಿಎಚ್.ಡಿ. ಮಾಡುತ್ತಿರುವಾಗ ಆ ಸಮಾಧಾನ ನಿಲ್ಲುತ್ತಿಲ್ಲ. ನಾಗಸೇನ ರಾಜನಿಗೆ ರಥ ಮಾರುತ್ತಿರಲಿಲ್ಲ. ರಥವೆನ್ನುವುದು ಬರೀ ಒಪ್ಪಿಕೊಂಡ ಹೆಸರು ಅಂದರೆ ಅದು ಹಗುರವಾದದ್ದು ಎಂದಲ್ಲ. ಕಬ್ಬಿಣದೊಳಗೇ ಎಲ್ಲೋ ‘ಅಸಲಿತನ’ ಕೂತಿದ್ದರೆ ಎಷ್ಟು ಉಜ್ಜಿದರೂ ಅದು ಹೋಗುತ್ತಿರಲಿಲ್ಲ. ಹಾಗೆ ಇಲ್ಲದಿರುವುದರಿಂದಲೇ, ನಾವು ಒಬ್ಬರಿಗೊಬ್ಬರು ಹೇಳಿಕೊಂಡ ಮಾತೊಂದೇ ಆಧಾರವಾಗಿರುವುದರಿಂದಲೇ, ಆ ಮಾತನ್ನು ಕೆಡಿಸಿದರೆ ಉಳಿಯುವುದು ಏನೂ ಇಲ್ಲ. ಅಪ್ಪ ಕೆಡಿಸಿದ್ದು ಅದನ್ನೇ, ನನ್ನ ಟಾರ್ಚಿನ ಬೆಳಕಿನಲ್ಲಿ.

ಹಾಗಂತ ಸಂಗ್ರಾಹಕರ ಲೆಕ್ಕಾಚಾರವನ್ನೂ ಪೂರ್ತಿ ಒಪ್ಪಲು ಮನಸ್ಸಿಲ್ಲ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಗೌತಮ ರಥ ಎಳೆಯುವಾಗ, ಇದರಲ್ಲಿ ಹಳೇ ಮರ ಎಷ್ಟು, ಹೊಸದೆಷ್ಟು ಎಂದು ಹಗ್ಗ ಹಿಡಿದವರು ಯಾರೂ ಕೇಳುವುದಿಲ್ಲ. ಎಳೆಯುತ್ತಿರುವವರೆಗೂ ಅದು ಅದೇ ರಥ. ನಮ್ಮ ಕಾನೂನು ಇದಕ್ಕೆ ಸರಿಯಾಗಿ ತಿರುಗಾಮುರುಗಾ. 2021ರ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ, ದೊಡ್ಡ ಬದಲಾವಣೆ ಕಾಣದ ವಾಹನ ಮಾತ್ರ ವಿಂಟೇಜ್. ಅದಕ್ಕೆ ‘ವಿಎ’ ಅಕ್ಷರವಿರುವ ನೋಂದಣಿ ಸಂಖ್ಯೆ ಸಿಗುತ್ತದೆ. ಸಿಕ್ಕ ಮೇಲೆ ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಓಡದೆ ಇರುವುದಕ್ಕೇ ಮರ್ಯಾದೆ.

ಅಮೆರಿಕನ್ನರಿಗೇ ಇದು ಸುಲಭವಾಗಿ ಬಗೆಹರಿದಿಲ್ಲ. ಅವರ ಹೆಮ್ಮೆಯ ತೆರೆದ ಸ್ಪೋರ್ಟ್ಸ್ ಕಾರು ಷೆವ್ರೊಲೆ ಕಾರ್ವೆಟ್. 1953ರಲ್ಲಿ ಮಿಶಿಗನ್ನಿನ ಫ್ಲಿಂಟ್‌ನಲ್ಲಿ ತಯಾರಾದದ್ದು 300 ಮಾತ್ರ, ಎಲ್ಲವೂ ಬಿಳಿ, ಒಳಗೆ ಕೆಂಪು. 1992ರಲ್ಲಿ ಹತ್ತು ಲಕ್ಷದ ಕಾರು ಹೊರಬಂದಾಗ ಆ ನೆನಪಿಗೆ ಅದೇ ಬಿಳಿ, ಅದೇ ಕೆಂಪು. 2014ರ ಫೆಬ್ರುವರಿ 12ರ ನಸುಕಿನಲ್ಲಿ ಕೆಂಟಕಿಯ ಬೌಲಿಂಗ್ ಗ್ರೀನ್‌ನಲ್ಲಿರುವ ಕಾರ್ವೆಟ್ ಮ್ಯೂಸಿಯಮ್ಮಿನ ನೆಲ ಕುಸಿದು ಎಂಟು ಕಾರುಗಳು ಗುಂಡಿಗೆ ಬಿದ್ದವು. ಮೂರನ್ನು ರಿಪೇರಿ ಮಾಡಿದರು. ಐದನ್ನು ಜಜ್ಜಿಹೋದ ಸ್ಥಿತಿಯಲ್ಲೇ ಜನರಿಗೆ ತೋರಿಸಲು ಇಟ್ಟರು. ಅವುಗಳಿಗೆ ಆದದ್ದೂ ಅವುಗಳ ಚರಿತ್ರೆಯೇ ಅಂತ ಯಾರಿಗೋ ಅನ್ನಿಸಿರಬೇಕು. ರಿಪೇರಿಯಾದವುಗಳಲ್ಲಿ ಆ ಹತ್ತು ಲಕ್ಷದ ಕಾರೂ ಒಂದು. ಬಿಚ್ಚಿದಾಗ ಒಳಭಾಗಗಳ ಮೇಲೆಲ್ಲ ಅದನ್ನು ಕಟ್ಟಿದ ಕಾರ್ಮಿಕರ ಸಹಿಗಳು! ಗಿರಾಕಿಯ ಕಣ್ಣಿಗೆ ಯಾವತ್ತೂ ಬೀಳದ ಜಾಗದಲ್ಲಿ. ಆ ಸಹಿಗಳು ಹೋಗದಂತೆ ಜೋಪಾನವಾಗಿ ಕೆಲಸ ಮಾಡಿದರಂತೆ.

ಇದನ್ನು ಓದಿದ ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ. ಕೊಡಗಿನ ಕಾರಿಗೆ ಪರ್ಕಿನ್ಸ್ ಕೂರಿಸಿ ಬದುಕಿಸಿದ ಮೆಕ್ಯಾನಿಕ್ಕಿನ ಗುರುತು ಗುಜರಿಯಲ್ಲಿ ಕರಗಿಹೋಯಿತು. ಅಪ್ಪ ಎಂಟು ತಿಂಗಳು ತುಕ್ಕು ಕೆರೆದು, ತಗಡು ಬಡಿದು, ಬಾಗಿಲ ಸಂದು ಕೂದಲೆಳೆಯಷ್ಟಕ್ಕೆ ಕೂರಿಸಿದ. ಆ ಕೆಲಸ ಕಾಣಬಾರದು, ಕಾಣದಿದ್ದರೇ ಅದು ಒಳ್ಳೆಯ ಟಿಂಕರಿಂಗ್. ಇಡೀ ಕಾರಿನಲ್ಲಿ ಅವನ ಕೈಗುರುತು ಅಂತ ಕಣ್ಣಿಗೆ ಕಾಣುವುದು ಆ ನಂಬರು ಮಾತ್ರ. ಅದೂ ಸುಳ್ಳು.

ಫೋನ್ ಮಾಡಿದ್ದವರು ಆ ಕಾರಿನ ಈಗಿನ ಮಾಲೀಕರು. ಹಿಂದಿನವರಿಂದ ಕೊಂಡರಂತೆ, ವಿಂಟೇಜ್ ನೋಂದಣಿಗೆ ಓಡಾಡುತ್ತಿದ್ದಾರಂತೆ. “ಕೆಲಸ ಮಾಡಿದ್ದು ನೀವೇ ಅಂತ ತಿಳೀತು. ಎಂಜಿನ್ ಒರಿಜಿನಲ್ಲೇ ಅಲ್ವಾ ಯಜಮಾನ್ರೇ?” ಅಂತ ಕೇಳಿದರು. ಅಪ್ಪ ಸಿಗ್ನಲ್ ಇಲ್ಲ ಅಂತ ಹೇಳಿ ಇಟ್ಟ. ಆಮೇಲೆ ನಾಲ್ಕು ದಿನ ಮಾತಿಲ್ಲ. ಅದಕ್ಕೇ ನಾನು ಮ್ಯೂಸಿಯಮ್ಮಿಗೆ ಹೊರಡಿಸಿದ್ದು.

ಹೊರಗೆ ಬಂದು ಮರದ ಕೆಳಗೆ ಕಬ್ಬಿನ ಹಾಲು ಕುಡಿದೆವು. ನಿಜ ಹೇಳಿದರೆ ಪೊಲೀಸು ಕೇಸಾಗಬಹುದು ಅಂತ ನಾನೇ ಹೇಳಿದೆ. ಹೇಳದಿದ್ದರೆ ಏನಾಗುತ್ತದೆ ಅಂತ ಅಪ್ಪ ಕೇಳಿದ. ಏನೂ ಆಗಲ್ಲ ಅಂದೆ. ಅಪ್ಪ ಲೋಟದ ತಳದಲ್ಲಿದ್ದ ಐಸನ್ನು ಬಹಳ ಹೊತ್ತು ಅಲ್ಲಾಡಿಸಿದ.

“ಆ ಡೀಸೆಲ್ ಎಂಜಿನ್ ಚೆನ್ನಾಗೇ ಇತ್ತು ಕಣವ್ವ. ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗೋದು” ಅಂದ. ಆಮೇಲೆ ಫೋನು ನನ್ನ ಕೈಗೆ ಕೊಟ್ಟು, “ಅವರ ನಂಬರ್ ತೆಗೆದುಕೊಡು, ನನಗೆ ಕನ್ನಡಕ ಇಲ್ಲ” ಅಂದ.