ಬೀಟೆಯ ಹೊದಿಕೆಯ ಪೆಟ್ಟಿಗೆಯೂ ಅಚೌರ್ಯ ವ್ರತವೂ

'ಮೇಲೆ ಥಳಕು, ಒಳಗೆ ಹುಳುಕು' ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಡಾಂಭಿಕರನ್ನು ನಿಂದಿಸುವಾಗ ಈ ಮಾತು ಎಷ್ಟು ಸಹಜವಾಗಿ ನಾಲಗೆಗೆ ಬರುತ್ತದೆಯೆಂದರೆ, ಹೊರಗೊಂದು ಒಳಗೊಂದು ಇರುವುದೆಲ್ಲವೂ ವಂಚನೆಯೇ ಎಂಬ ತೀರ್ಮಾನವನ್ನು ವಿಚಾರಿಸದೆಯೇ ಒಪ್ಪಿಕೊಂಡುಬಿಟ್ಟಿದ್ದೇವೆ. ಆ ತೀರ್ಮಾನವನ್ನು ಒಂದು ಚಿಕ್ಕ ವಸ್ತುವಿನ ಮೇಲಿಟ್ಟು ಒರೆಹಚ್ಚಿ ನೋಡಬೇಕೆಂಬುದು ಈ ಲೇಖನದ ಉದ್ದೇಶ. ಮದುವೆ, ಗೃಹಪ್ರವೇಶಗಳಲ್ಲಿ ಉಡುಗೊರೆಯಾಗಿ ಕೊಡುವ, ಅಜ್ಜಿಯ ಮೂಗುತಿಯನ್ನೋ ಹಿರಿಯರ ಕಾಗದಪತ್ರಗಳನ್ನೋ ಜೋಪಾನವಾಗಿ ಇಡುವ ಅಲಂಕಾರದ ಮರದ ಪೆಟ್ಟಿಗೆಯೇ ಆ ವಸ್ತು.

ಅಂಗಡಿಗಳಲ್ಲಿ ಬೀಟೆಯ ಪೆಟ್ಟಿಗೆ ಎಂದು ಕಾಣುವವುಗಳಲ್ಲಿ ಅನೇಕವು ಪೂರ್ತಿ ಬೀಟೆಯವಲ್ಲ. ಒಡಲು ಪ್ಲೈವುಡ್‌ನದು ಅಥವಾ ಅಗ್ಗದ ಮರದ್ದು. ಅದರ ಮೇಲೆ ಬೀಟೆಯ ತೆಳುಹಾಳೆಯನ್ನು ಅಂಟಿಸಿರುತ್ತಾರೆ. ಬಡಗಿಗಳು ಇದನ್ನು ವೆನೀರ್ ಎನ್ನುತ್ತಾರೆ. ದಿಮ್ಮಿಯನ್ನು ಬಿಸಿನೀರಿನಲ್ಲಿ ನೆನೆಸಿ ಮೆದುಗೊಳಿಸಿ, ಯಂತ್ರದ ಅಲಗಿನಿಂದ ಹೆರೆದು ತೆಗೆಯುವ ಈ ಹಾಳೆಯ ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸು. ಹೀಗೆ ಹೆರೆಯುವಾಗ ಗರಗಸದ ಹುಡಿಯಾಗಿ ಮರ ನಷ್ಟವಾಗುವುದಿಲ್ಲ. 25 ಮಿ.ಮೀ. ದಪ್ಪದಷ್ಟು ಮರದಲ್ಲಿ 0.6 ಮಿ.ಮೀ. ದಪ್ಪದ ಹಾಳೆಗಳು ನಲವತ್ತರಷ್ಟು ಸಿಗುತ್ತವೆ. ಅಷ್ಟೇ ಮರವನ್ನು ಗರಗಸದಿಂದ ಸೀಳಿ 6 ಮಿ.ಮೀ. ದಪ್ಪದ ಗಟ್ಟಿ ಹಲಗೆ ಮಾಡಹೊರಟರೆ ಹುಡಿ ಕಳೆದು ಮೂರು ಸಿಕ್ಕಾವು. ಬೀಟೆ ನಿಧಾನವಾಗಿ ಬೆಳೆಯುವ ಮರ. 2017ರ ಆರಂಭದಿಂದ ಅದು ಸೇರಿರುವ ಡಾಲ್ಬರ್ಜಿಯಾ ಕುಲದ ಬಹುಪಾಲು ಮರಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿ ನಿಯಂತ್ರಣಕ್ಕೆ ಒಳಪಡಿಸಲಾಗಿದೆ. ಕಾಡಿನ ಒಂದು ಜೀವ ಉರುಳಿದ ಮೇಲೆ ಅದು ಮೂರು ಮನೆಗಿಂತ ನಲವತ್ತು ಮನೆಗೆ ಒದಗುವುದು ಲೇಸೆಂದು ಯಾರಿಗಾದರೂ ತೋರುತ್ತದೆ. ಅಲ್ಪದಲ್ಲಿ ಪೂರೈಸಿಕೊಳ್ಳುವುದೇ ಅಪರಿಗ್ರಹದ ಅಭ್ಯಾಸವಾದರೆ, ಈ ತೆಳುಹಾಳೆ ಅದಕ್ಕೆ ಹೊರಗಲ್ಲ.

ಇದಕ್ಕೆ ತಗಲುವ ಶ್ರಮವನ್ನೂ ನೋಡಬೇಕು. ಮರ ಕಡಿದ ಮೇಲೂ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಎಳೆಗೆ ಅಡ್ಡವಾಗಿ ಹಿಗ್ಗುತ್ತದೆ, ಕುಗ್ಗುತ್ತದೆ. ಆದ್ದರಿಂದಲೇ ಪ್ಲೈವುಡ್‌ನಲ್ಲಿ ಒಂದು ಪದರದ ಎಳೆಗೆ ಮುಂದಿನ ಪದರದ ಎಳೆ ಅಡ್ಡವಾಗಿರುವಂತೆ ಬೆಸಸಂಖ್ಯೆಯಲ್ಲಿ ಪದರಗಳನ್ನು ಕೂಡಿಸುತ್ತಾರೆ. ಅಂಥ ಹಲಗೆಯ ಒಂದೇ ಮುಖಕ್ಕೆ ಬೀಟೆಯ ಹಾಳೆ ಹಚ್ಚಿದರೆ ಸಮತೋಲ ಕೆಟ್ಟು ಹಲಗೆ ಬಾಗುತ್ತದೆ. ಆದಕಾರಣ ಬಲ್ಲ ಕೆಲಸಗಾರನು ಯಾರ ಕಣ್ಣಿಗೂ ಬೀಳದ ಒಳಮುಖಕ್ಕೂ ಅಷ್ಟೇ ದಪ್ಪದ ಒಂದು ಹಾಳೆಯನ್ನು ಹಚ್ಚುತ್ತಾನೆ. ಒಳಗೆ ಮಖಮಲ್ಲು ಹೊದಿಸಿದ ಮೇಲೆ ಅದು ಎಂದೆಂದಿಗೂ ಕಾಣುವುದಿಲ್ಲ. ಮುಚ್ಚಳದ ಕೆಲಸ ಇನ್ನೂ ಸೊಗಸಿನದು. ಮೊದಲು ಆರೂ ಕಡೆ ಮುಚ್ಚಿದ ಪೆಟ್ಟಿಗೆಯನ್ನು ಮಾಡಿ, ಹಾಳೆ ಅಂಟಿಸಿ, ಒಣಗಿದ ಮೇಲೆ ಗರಗಸದಿಂದ ಸುತ್ತ ಕೊಯ್ದು ಮುಚ್ಚಳವನ್ನು ಬೇರ್ಪಡಿಸುವುದುಂಟು. ಹಾಗೆ ಮಾಡಿದಾಗ ಮರದ ಎಳೆಯ ಚಿತ್ತಾರ ಒಡಲಿನಿಂದ ಮುಚ್ಚಳಕ್ಕೆ ಕಡಿಯದೆ ಹರಿಯುತ್ತದೆ. ಅನುಕ್ರಮವಾಗಿ ಹೆರೆದ ಎರಡು ಹಾಳೆಗಳನ್ನು ಪುಸ್ತಕದ ಪುಟ ಬಿಚ್ಚಿದಂತೆ ಎದುರುಬದುರು ಕೂಡಿಸಿದರೆ ಚಿಟ್ಟೆಯ ರೆಕ್ಕೆಗಳಂತೆ ಸಮರೂಪ ಮೂಡುತ್ತದೆ. ಗಟ್ಟಿ ಹಲಗೆಯಲ್ಲಿ ಇಷ್ಟು ಕರಾರುವಾಕ್ಕಾಗಿ ಅದು ಒದಗದು. ಇದನ್ನೆಲ್ಲ ಬಲ್ಲವರು ವೆನೀರನ್ನು ಬಡವರ ಬೀಟೆಯೆಂದು ಹಳಿಯಲಾರರು. ಫ್ರಾನ್ಸ್‌ನಲ್ಲಿ ಇಂಥ ಹೊದಿಕೆಯ ಕೆಲಸದವರಿಗೆ, ಗಟ್ಟಿ ಮರದ ಬಡಗಿಗಳಿಂದ ಬೇರೆಯಾಗಿ, ಕರಿಮರದ ಹೆಸರಿನಿಂದಲೇ ಹುಟ್ಟಿದ 'ಎಬೆನಿಸ್ತ್' ಎಂಬ ಗೌರವದ ಹೆಸರಿತ್ತು.

ಆದರೆ ಆಕ್ಷೇಪವೂ ಇಂದು ನಿನ್ನೆಯದಲ್ಲ. ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ, ಅಗ್ಗದ ಮರಕ್ಕೆ ಬೆಲೆಯ ಮರದ ತೊಗಲು ಹೊದಿಸುವ ಚಾಳಿಯನ್ನು ತನ್ನ ಬೃಹದ್ಗ್ರಂಥದಲ್ಲಿ ಹಂಗಿಸಿದ್ದಾನೆ. ಒಂದೇ ಮರವನ್ನು ಹಲವು ಸಲ ಮಾರುವುದಕ್ಕಾಗಿ ಹೂಡಿದ ಉಪಾಯವೆಂಬುದು ಅವನ ಅಭಿಪ್ರಾಯ. ನಾವು ಮಿತವ್ಯಯವೆಂದು ಕಂಡದ್ದನ್ನೇ ಅವನು ಲೋಭವೆಂದು ಕಂಡನು. ಲೆಕ್ಕ ಒಂದೇ, ನೋಟ ಎರಡು.

ನಮ್ಮ ಆಚಾರ್ಯರು ಈ ಪ್ರಶ್ನೆಯನ್ನು ಎಲ್ಲಿಟ್ಟರೆಂಬುದು ಗಮನಾರ್ಹ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ 'ಪ್ರತಿರೂಪಕ ವ್ಯವಹಾರ', ಅಂದರೆ ನಕಲನ್ನು ಅಸಲೆಂದು ನಡೆಸುವುದು, ಒಂದು ಅತಿಚಾರವೆಂದು ಹೇಳಲ್ಪಟ್ಟಿದೆ. ಸಮಂತಭದ್ರಾಚಾರ್ಯರ ಶ್ರಾವಕಾಚಾರದಲ್ಲಿ ಅದಕ್ಕೆ 'ಸದೃಶಸನ್ಮಿಶ್ರ' ಎಂಬ ಹೆಸರು, ಒಂದರಂತೆ ಕಾಣುವ ಇನ್ನೊಂದನ್ನು ಬೆರೆಸುವುದು. ಆ ಗ್ರಂಥದ ಹೆಸರೇ ರತ್ನಕರಂಡಕ, ರತ್ನದ ಪೆಟ್ಟಿಗೆ ಎಂಬುದು ನಮ್ಮ ವಿಷಯಕ್ಕೆ ಒದಗಿಬಂದ ಸೊಗಸು. ಈ ದೋಷವನ್ನು ಇಬ್ಬರೂ ಎಣಿಸಿರುವುದು ಸತ್ಯವ್ರತದ ಕೆಳಗಲ್ಲ, ಅಚೌರ್ಯದ ಕೆಳಗೆ. ವಸ್ತುವಿನ ತೋರಿಕೆಯ ವಿಷಯದಲ್ಲಿ ಅವರು ಮೊದಲು ಕೇಳಿದ್ದು ಯಾರ ಕೈಯಿಂದ ಏನು ಹೋಯಿತು ಎಂಬುದನ್ನು. ಇದನ್ನು ಹಿಡಿದುಕೊಂಡರೆ ನಮ್ಮ ಗಾದೆಯ ಆತುರ ತಿಳಿಯಾಗುತ್ತದೆ. ಒಂದು ಗ್ರಾಂ ಚಿನ್ನದ ಒಡವೆಯೆಂದು ಹೆಸರು ಹೇಳಿಯೇ ಮಾರುವ ಸರದಿಂದ ಯಾರಿಗೂ ಮೋಸವಿಲ್ಲ. ಅದೇ ಸರವನ್ನು ಅಪ್ಪಟ ಚಿನ್ನದ ಬೆಲೆಗೆ ಕೊಟ್ಟರೆ ಕಳವು. ಸರ ಮಾತ್ರ ಎರಡು ಕಡೆಯೂ ಅದೇ.

ಪೆಟ್ಟಿಗೆಯ ಅಂಚನ್ನು ತೆಗೆದುಕೊಳ್ಳೋಣ. ಪ್ಲೈವುಡ್‌ನ ಪದರಗಳು ಬಯಲಾಗುವುದು ಅಂಚಿನಲ್ಲಿ. ಅಲ್ಲಿಗೆ ಗಟ್ಟಿ ಬೀಟೆಯ ಸಣ್ಣ ಪಟ್ಟಿಯೊಂದನ್ನು ಕೂಡಿಸುತ್ತಾರೆ. ತೆಳುಹಾಳೆ ಮೂಲೆಯಲ್ಲಿ ಬಹುಬೇಗ ಚಕ್ಕೆಯೇಳುವುದರಿಂದ ಈ ಪಟ್ಟಿ ಬೇಕೇಬೇಕು. ಅದಿಲ್ಲದ ಪೆಟ್ಟಿಗೆ ಕೆಟ್ಟ ಕೆಲಸ. ಆದರೆ ಅದೇ ಪಟ್ಟಿ, ಅಂಚನ್ನು ತಿರುಗಿಸಿ ನೋಡುವ ಜಾಣ ಗಿರಾಕಿಯ ಕಣ್ಣನ್ನೂ ಕಟ್ಟುತ್ತದೆ. ಕಾಪಿಗಾಗಿ ಕೂಡಿಸಿದವನ ಪಟ್ಟಿಯೂ ಮರೆಮಾಚಲು ಕೂಡಿಸಿದವನ ಪಟ್ಟಿಯೂ ಕೂದಲೆಳೆಯಷ್ಟು ಭೇದವಿಲ್ಲದೆ ಒಂದೇ ತೆರನಾಗಿರುತ್ತವೆ. ದ್ರವ್ಯದಲ್ಲಿ ಕಾಣದ ಈ ಭೇದ ಭಾವದಲ್ಲಿದೆ ಎಂದರೆ ಶಾಸ್ತ್ರ ಬಲ್ಲವರು ತಲೆದೂಗುವರು. ಆದರೆ ಗಿರಾಕಿಗೆ ಭಾವ ಕಾಣಿಸುವುದಿಲ್ಲವಲ್ಲ! ಅವನಿಗೆ ದಕ್ಕುವುದು ಮಾರುವವನ ಮಾತು ಮತ್ತು ಬೆಲೆಚೀಟಿ, ಇವೆರಡೇ.

ಇಲ್ಲಿ ನಮ್ಮವರೇ ಕೆಲವರು ಅನೇಕಾಂತದ ಮೊರೆಹೋಗುವುದನ್ನು ಕೇಳಿದ್ದೇನೆ. ಒಂದು ದೃಷ್ಟಿಯಿಂದ ಅದು ಬೀಟೆಯ ಪೆಟ್ಟಿಗೆಯೇ, ಕಣ್ಣಿಗೂ ಕೈಗೂ ಸಿಗುವುದೆಲ್ಲ ಬೀಟೆಯೇ, ಆದ್ದರಿಂದ ಹಾಗೆನ್ನುವುದು ಸುಳ್ಳಲ್ಲ ಎಂಬುದು ಅವರ ವಾದ. ಸ್ಯಾದ್ವಾದವನ್ನು ಹೀಗೆ ಗಲ್ಲಾಪೆಟ್ಟಿಗೆಗೆ ಬೀಗ ಮಾಡಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. 'ಸ್ಯಾತ್' ಎಂಬ ಪದದ ಕೆಲಸ, ಯಾವ ದೃಷ್ಟಿಯಿಂದ ಹೇಳುತ್ತಿದ್ದೇನೆ ಎಂಬುದನ್ನು ಕೇಳುವವನಿಗೆ ತಿಳಿಸುವುದು. ದೃಷ್ಟಿಯನ್ನು ತನ್ನಲ್ಲೇ ಬಚ್ಚಿಟ್ಟುಕೊಂಡು ಪದವನ್ನಷ್ಟೇ ಆಚೆಗೆ ಬಿಟ್ಟರೆ ಅದು ಏಕಾಂತಕ್ಕಿಂತ ಕೆಟ್ಟದ್ದು.

ನಮ್ಮ ಮೈಸೂರಿನ ಕೆತ್ತುಕೆಲಸದ ಕಥೆ ಈ ವಿಚಾರವನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಬೀಟೆಯಲ್ಲಿ ಆನೆದಂತವನ್ನು ಕೂರಿಸುವುದು ಅಲ್ಲಿಯ ಖ್ಯಾತಿ. ಅರಮನೆಯ ಅಂಬಾವಿಲಾಸದಲ್ಲಿ ಗಣಪತಿಯ ಗುಡಿಗೆ ತೆರೆಯುವ ಬಾಗಿಲನ್ನು ನೋಡಿದವರಿಗೆ ವಿವರಿಸಬೇಕಿಲ್ಲ. ಉಪಾಸಕದಶಾ ಎಂಬ ಶ್ವೇತಾಂಬರ ಆಗಮವು ಗೃಹಸ್ಥನಿಗೆ ನಿಷೇಧಿಸಿದ ಹದಿನೈದು ಕರ್ಮಾದಾನಗಳಲ್ಲಿ ದಂತವಾಣಿಜ್ಯವೂ ಒಂದು. ರಾಜ್ಯದ ಕಾನೂನು ಆ ಮಾತಿಗೆ ಬಂದದ್ದು ತೀರ ಈಚೆಗೆ: 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986ರಲ್ಲಿ ತಂದ ತಿದ್ದುಪಡಿ ಭಾರತೀಯ ದಂತದ ವ್ಯಾಪಾರವನ್ನೂ, 1991ರದು ಆಫ್ರಿಕಾದಿಂದ ಬಂದ ದಂತದ ವ್ಯಾಪಾರವನ್ನೂ ನಿಲ್ಲಿಸಿದವು. ಸಾವಿರಾರು ವರ್ಷಗಳ ಹಿಂದೆ ಅಳಿದ ಮ್ಯಾಮತ್ ಪ್ರಾಣಿಯ ದಂತವೂ ಈ ನಿಷೇಧದೊಳಗೇ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯ 2003ರಲ್ಲಿ ತೀರ್ಪಿತ್ತಿತು. ಇಂದು ಕುಶಲಕರ್ಮಿಗಳು ಹಲಸಿನ ಹಳದಿ, ಬೀಟೆಯ ಕಂದು ಎಂದು ಬಗೆಬಗೆಯ ಮರಗಳ ಸಹಜ ಬಣ್ಣದಿಂದಲೇ ಚಿತ್ರ ಕೂರಿಸುತ್ತಾರೆ; ಕೆಲವರು ದಂತದಂತೆ ಕಾಣುವ ಬಿಳಿ ಪ್ಲಾಸ್ಟಿಕ್ಕನ್ನೂ ಬಳಸುತ್ತಾರೆ. ಹಲಸಿನ ತುಂಡು ಹಲಸಾಗಿಯೇ ಚೆನ್ನ. ಬಿಳಿ ಪ್ಲಾಸ್ಟಿಕ್ಕಿನಲ್ಲಿ ಹಿಂಸೆಯಿಲ್ಲ, ಸರಿಯೇ. ಆದರೆ ಅದನ್ನು ದಂತವೆಂದೇ ಕಂಡು ಹಿಗ್ಗುವ ಕಣ್ಣು ಆನೆಯ ಕೊಂಬಿನ ಮೇಲಿನ ಆಸೆಯನ್ನು ಇನ್ನೂ ಬಿಟ್ಟಿಲ್ಲ. ಇದನ್ನು ದೋಷವೆನ್ನಬೇಕೆ, ದೌರ್ಬಲ್ಯವೆನ್ನಬೇಕೆ ಎಂಬಲ್ಲಿ ನನಗೆ ನಿಶ್ಚಯವಿಲ್ಲ.

ಅಹಿಂಸೆಯ ಲೆಕ್ಕ ಇಷ್ಟಕ್ಕೇ ಮುಗಿಯುವುದೂ ಇಲ್ಲ. ಹಿಂದೆ ಹಾಳೆಯನ್ನು ಅಂಟಿಸುತ್ತಿದ್ದುದು ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ತೆಗೆದ ಅಂಟಿನಿಂದ. ಈಗ ಹೆಚ್ಚಾಗಿ ಕಾರ್ಖಾನೆಯ ಬಿಳಿ ಅಂಟು. ಹಳೆಯ ಅಂಟಿಗೆ ಬಿಸಿ, ತೇವ ತಗಲಿಸಿದರೆ ಹಾಳೆ ಸುಲಭವಾಗಿ ಬಿಟ್ಟುಬರುತ್ತಿತ್ತು, ದುರಸ್ತಿ ಸಲೀಸಾಗಿತ್ತು. ಹೊಸ ಅಂಟಿನದು ಅಷ್ಟು ಸುಲಭವಲ್ಲ. ಕೊನೆಗೆ ಹೊಳಪಿಗೆ ಹಚ್ಚುವ ಅರಗು ಕೀಟಗಳಿಂದ ಬಂದದ್ದು. ಅದನ್ನು ಸಂಗ್ರಹಿಸುವಾಗ ಅಸಂಖ್ಯ ಕೀಟಗಳು ಸಾಯುತ್ತವೆ. ಲಾಕ್ಷಾವಾಣಿಜ್ಯವೂ ಆ ಹದಿನೈದರಲ್ಲಿ ಸೇರಿದೆ. ಹೀಗಾಗಿ, ಗಟ್ಟಿ ಬೀಟೆಯ ಪೆಟ್ಟಿಗೆಯೇ ನಿರ್ಮಲ, ಹೊದಿಕೆಯದು ಕೀಳು ಎನ್ನುವವರು ಗಟ್ಟಿ ಪೆಟ್ಟಿಗೆಯ ಹೊಳಪನ್ನೂ ಒಮ್ಮೆ ವಿಚಾರಿಸಬೇಕು.

ಈ ಪೆಟ್ಟಿಗೆಗಳನ್ನು ತಾನೇ ಮಾಡಿ ಮಾರುವ ಒಬ್ಬರನ್ನು ಹಿಂದೊಮ್ಮೆ ಕೇಳಿದೆನು: "ನೀವು ಗಿರಾಕಿಗೆ ಒಳಗಿರುವುದು ಪ್ಲೈವುಡ್ ಎಂದು ಹೇಳುತ್ತೀರಾ?"

"ಕೇಳಿದರೆ ಹೇಳುತ್ತೇನೆ ಸ್ವಾಮಿ. ಕೇಳದವರಿಗೆ ನಾನಾಗಿ ಹೇಳಿದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಇದೇ ಮಾಲು ಗಟ್ಟಿ ಬೀಟೆ. ನನ್ನ ಮನೆ ನಡೆಯಬೇಡವೆ?"

ಈ ಉತ್ತರವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಪಕ್ಕದವನ ಸುಳ್ಳು ಇವರ ಸತ್ಯದ ಮೇಲೆ ದಂಡ ವಿಧಿಸುತ್ತಿದೆ. ದಂಡ ತೆರುವುದು ಇವರ ಮಕ್ಕಳ ಅನ್ನ. ಕೇಳಿದರೆ ಹೇಳುತ್ತೇನೆ ಎಂಬುದು ಈ ಪೇಟೆಯಲ್ಲಿ ಕಡಿಮೆ ಮಾತೇನಲ್ಲ. ಆದರೂ ಕೇಳುವ ಜಾಣತನವಿಲ್ಲದವನೇ ಹೆಚ್ಚು ತೆರುವನಾದರೆ ಆ ಹೆಚ್ಚಿನ ಹಣ ಯಾರದು? ಗಿರಾಕಿಯ ಅಜ್ಞಾನದಿಂದ ಬಂದದ್ದನ್ನು ಕೆಲಸಕ್ಕೆ ಸಂದ ಕೂಲಿಯೆನ್ನಲಾಗದು. ಒಳಮುಖಕ್ಕೂ ಹಾಳೆ ಹಚ್ಚಿದ, ಎಳೆಗೆ ಎಳೆ ಕೂಡಿಸಿದ ಆ ನೈಪುಣ್ಯಕ್ಕೆ ಬೆಲೆ ಕೇಳಲು ಅವರಿಗೆ ಪೂರ್ಣ ಹಕ್ಕಿದೆ. ಇಲ್ಲದ ಮರಕ್ಕೆ ಕೇಳಲು ಹಕ್ಕಿಲ್ಲ.

ಕೊಳ್ಳುವ ನಮ್ಮ ಪಾಲನ್ನೂ ಮರೆಮಾಚಬಾರದು. ಮದುವೆಯ ಚಪ್ಪರದಲ್ಲಿ ಉಡುಗೊರೆ ಕೊಡುವಾಗ ನಾಲ್ಕು ಜನ ಅದನ್ನು ಗಟ್ಟಿ ಬೀಟೆಯೆಂದೇ ಎಣಿಸಲಿ ಎಂದು ನಾವೂ ಒಳಗೊಳಗೆ ಬಯಸುತ್ತೇವೆ. ಅನೇಕ ವೇಳೆ ಅಂಗಡಿಯಲ್ಲಿ ಕೇಳದೆ ಇರುವುದು ತಿಳಿಯದೆ ಅಲ್ಲ, ತಿಳಿಯುವುದು ಬೇಡವೆಂದು.

ಆ ಕುಶಲಕರ್ಮಿಗೆ ನಾನು ಹೇಳಿದ ಸಲಹೆ ಇಷ್ಟೇ: ಪೆಟ್ಟಿಗೆಯ ತಳಕ್ಕೆ ಚಿಕ್ಕ ಚೀಟಿ ಅಂಟಿಸಿ, ಹೊರಗೆ ಬೀಟೆಯ ಹಾಳೆ, ಒಳಗೆ ಪ್ಲೈವುಡ್, ಎರಡೂ ಮುಖ ಹೊದಿಸಿದೆ, ಅಂಚು ಗಟ್ಟಿ ಬೀಟೆ ಎಂದು ಬರೆಯಿರಿ. ಓದಬಲ್ಲ ಗಿರಾಕಿಗೆ ಅದರಲ್ಲಿ ನಿಮ್ಮ ಕೆಲಸದ ಹೆಚ್ಚಳವೂ ಕಾಣುತ್ತದೆ. ಅವರು ನಕ್ಕು, "ಮೊದಲು ನೀವು ಅಂಥ ಚೀಟಿ ಇರುವ ಪೆಟ್ಟಿಗೆಯನ್ನು ನಿಮ್ಮ ಬೀಗರಿಗೆ ಕೊಟ್ಟು ನೋಡಿ" ಎಂದರು.