ಹಲಗೆಯ ಹಿಂದೆ

ಕಣ್ಣಿಗೆ ಕಾಣುವ ಕೆಲಸವನ್ನು ಅಂದವಾಗಿ ಮಾಡುವುದು ದೊಡ್ಡ ಮಾತಲ್ಲ. ಹತ್ತು ಜನ ನೋಡುತ್ತಾರೆಂಬ ಅಂಜಿಕೆಯೇ ಅರ್ಧ ಕೆಲಸ ಮಾಡಿಸುತ್ತದೆ. ಯಾರೂ ಕಾಣದ ಕಡೆ ನಮ್ಮ ಕೈ ಹೇಗೆ ನಡೆಯುತ್ತದೆ? ಈ ಪ್ರಶ್ನೆ ನನಗೆ ಎದುರಾದದ್ದು ಯಾವ ಗ್ರಂಥದಲ್ಲಿಯೂ ಅಲ್ಲ. ಬೀದರಿನ ಒಂದು ಮೋಟಾರು ದುರಸ್ತಿಯ ಅಂಗಡಿಯಲ್ಲಿ.

ಇನ್ನೊಬ್ಬರಿಂದ ಕೊಂಡಿದ್ದ ನನ್ನ ಹಳೆಯ ಕಾರನ್ನು ಔರಾದಿನ ಮಾಸ್ತರರೊಬ್ಬರಿಗೆ ಮಾರುವ ಮಾತಾಗಿತ್ತು. ಅಷ್ಟರಲ್ಲಿ ಒಂದು ಸಂಜೆ ಭಾಲ್ಕಿಯಿಂದ ಮಳೆಯಲ್ಲಿ ಬರುವಾಗ ಹಿಂದಿನ ಗಾಜಿನ ವೈಪರ್ ನಿಂತುಹೋಯಿತು. ಮರುದಿನ ಉಸ್ತಾದರು ಹಿಂಬಾಗಿಲನ್ನು ಮೇಲೆತ್ತಿ, ಹಿಡಿಕೆಯ ಕುಳಿಯಲ್ಲಿದ್ದ ಸ್ಕ್ರೂ ಬಿಚ್ಚಿ, ಒಳಬದಿಯ ಪ್ಲಾಸ್ಟಿಕ್ ಹಲಗೆಯನ್ನು ಅಂಚಿನಿಂದ ಮೆಲ್ಲಗೆ ಎಬ್ಬಿಸತೊಡಗಿದರು. ಆ ಹಲಗೆ ನಿಂತಿರುವುದು ಸಣ್ಣ ಸಣ್ಣ ಕ್ಲಿಪ್ಪುಗಳ ಮೇಲೆ. ಕ್ಲಿಪ್ಪಿನ ಪಕ್ಕದಲ್ಲೇ ಮೀಟಬೇಕು. ನಡುವೆ ಹಿಡಿದು ಜಗ್ಗಿದರೆ ಹಲಗೆ ಸೀಳುತ್ತದೆ.

ಹಲಗೆ ಕಳಚಿತು. ನಾಲ್ಕು ಕ್ಲಿಪ್ಪುಗಳು ಮೊದಲೇ ಇರಲಿಲ್ಲ. ಗಡಗಡ ಸದ್ದು ಬಾರದಿರಲೆಂದು ಅವುಗಳ ಜಾಗದಲ್ಲಿ ಮಡಿಚಿದ ರಟ್ಟು ತುರುಕಿದ್ದರು. ಬಾಗಿಲಿನ ಕೀಲಿನ ಬಳಿ, ತಂತಿಗಳು ಹಾದುಬರುವ ರಬ್ಬರ್ ಕೊಳವೆಯೊಳಗೆ ಒಂದು ತಂತಿ ತುಂಡಾಗಿತ್ತು. ಬಾಗಿಲು ತೆಗೆದು ಹಾಕುವಾಗಲೆಲ್ಲ ಅಲ್ಲಿ ತಂತಿ ಬಾಗುತ್ತದೆ. ವರ್ಷಗಟ್ಟಲೆ ಬಾಗಿ ಬಾಗಿ ಮುರಿಯುತ್ತದೆ. ಹಿಂದೊಮ್ಮೆ ಮುರಿದಾಗ ಯಾರೋ ಎರಡು ತುದಿಗಳನ್ನು ಬರಿದೇ ಹೊಸೆದು, ಮೇಲೆ ಟೇಪು ಸಹ ಸುತ್ತದೆ, ಮುಚ್ಚಿಬಿಟ್ಟಿದ್ದರು.

"ಹೊಸ ತಂತಿ ಸೇರಿಸಿ ಬೆಸುಗೆ ಹಾಕಬೇಕ್ರಿ. ಅರ್ಧ ದಿನ ಹಿಡೀತದ" ಎಂದರು ಉಸ್ತಾದರು.

ನಾನು ಆಡಿದ ಮಾತನ್ನು ವಾಚಕರಿಂದ ಮುಚ್ಚಿಡುವುದಿಲ್ಲ. "ಹೆಂಗೂ ಮಾರೋ ಗಾಡಿ. ಸದ್ಯಕ್ಕ ಹೊಸೆದು ಹಲಗೆ ಹಾಕಿಬಿಡ್ರಿ. ಒಳಗ ಯಾರ್ ನೋಡ್ತಾರ?"

ಅವರು ಆ ರಟ್ಟಿನ ಚೂರನ್ನು ನನ್ನ ಕೈಗಿತ್ತು, "ಹಿಂದಿನ ಮಾಲಕರೂ ಹಿಂಗೇ ಅಂದಿರಬೇಕು ನೋಡ್ರಿ" ಎಂದರು.

ಅಷ್ಟು ಹೊತ್ತು ಆ ಹಿಂದಿನವರನ್ನು ಮನಸ್ಸಿನಲ್ಲೇ ಬೈಯುತ್ತಿದ್ದವನು ನಾನು. ದುರಸ್ತಿಗಾರರು ಮೋಸಗಾರರೆಂದು ದೂರುತ್ತೇವೆ. 'ಹೇಗೋ ಮುಚ್ಚಿಬಿಡಿ' ಎಂದು ಅವರಿಗೆ ಕಲಿಸಿದವರು ಗಿರಾಕಿಗಳಾದ ನಾವೇ ಅಲ್ಲವೇ?

'ಒಳಗೆ ಯಾರು ನೋಡುತ್ತಾರೆ' ಎಂಬುದಕ್ಕೆ ನಮ್ಮೂರಿನಲ್ಲೇ ಉತ್ತರವಿದೆ. ಬಹಮನಿ ಅರಸರ ಕಾಲದ ಕರೇಜ್ ಎಂಬ ಸುರಂಗ ಕಾಲುವೆ ನೌಬಾದಿನ ಬಳಿ ನೆಲದಡಿಯಲ್ಲಿ ಬಹುದೂರ ಸಾಗಿದೆ. ಕತ್ತಲಲ್ಲಿ ಕುಳಿತು ಇಳಿಜಾರು ತಪ್ಪದಂತೆ ಕಲ್ಲು ಕಡಿದ ಆ ಕೈಗಳನ್ನು ಯಾರು ನೋಡಿದ್ದರು? ತಪ್ಪಿದ್ದರೆ ಮಾತ್ರ ನೀರೇ ಹೇಳುತ್ತಿತ್ತು. ಕಾಣದ ಕೆಲಸಕ್ಕೂ ಸಾಕ್ಷಿಯುಂಟು; ಅದು ತಡವಾಗಿ ಬರುತ್ತದೆ, ಬಹುಮಟ್ಟಿಗೆ ಬೇರೆಯವರ ಮನೆಗೆ ಬರುತ್ತದೆ.

ಹಾಗೆಂದು ಮುಚ್ಚುವುದೆಲ್ಲ ಪಾಪವೆನ್ನಲಾಗದು. ಹಲಗೆ ಇರುವುದೇ ತಂತಿ, ಮೋಟಾರುಗಳನ್ನು ಪೆಟ್ಟು ತಾಗದಂತೆ ಕಾಯಲು. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ್ದನ್ನು ಈ ಸೀಮೆಯಲ್ಲಿ ಅರಿಯದವರಿಲ್ಲ. ಅದೂ ಒಂದು ಹಲಗೆಯೇ. ಆದರೆ ಅದರ ಮರೆಯಲ್ಲಿದ್ದದ್ದು ಹೊರಗೆ ಬಾಳಗೊಡದಿದ್ದ ಒಂದು ಒಳಿತು; 1948ರಲ್ಲಿ ಆ ಆಳ್ವಿಕೆ ಮುಗಿದ ಮೇಲೆ ಆ ಫಲಕಕ್ಕಾಗಿ ಯಾರೂ ನಾಚಬೇಕಾಗಲಿಲ್ಲ. ನನ್ನ ಹಲಗೆಯ ಹಿಂದಿದ್ದದ್ದು ರಟ್ಟು. ಆದ್ದರಿಂದ ಕೇಳಬೇಕಾದದ್ದು 'ಮುಚ್ಚಿದೆಯೇ?' ಎಂದಲ್ಲ, 'ಯಾರ ಸಲುವಾಗಿ ಮುಚ್ಚಿದೆ?' ಎಂದು. ಕಲಿಯುವ ಮಗುವಿನ ಸಲುವಾಗಿಯೋ, ನನ್ನ ಕಿಸೆಯ ಸಲುವಾಗಿಯೋ?

ಉಸ್ತಾದರಿಗೆ ಅರ್ಧ ದಿನ ಕೊಟ್ಟೆ. ಬೆಸುಗೆಯಾಯಿತು, ಅದರ ಮೇಲೆ ಕವಚ ಬಂತು, ಹೊಸ ಕ್ಲಿಪ್ಪುಗಳು ಬಂದವು. ಹಲಗೆ ಕೂತ ಮೇಲೆ ಎಲ್ಲವೂ ಮೊದಲಿನಂತೆಯೇ ಕಂಡಿತು. ಹಣ ಎಲ್ಲಿಗೆ ಹೋಯಿತೆಂದು ತೋರಿಸಲು ಏನೂ ಇಲ್ಲ!

ಮಾಸ್ತರರಿಗೆ ನಡೆದದ್ದನ್ನೆಲ್ಲ ಹೇಳಿದೆ. ಮೆಚ್ಚಿಯಾರೆಂದು ಒಳಗೊಳಗೇ ಆಸೆಯಿತ್ತು. ಅವರು ಕಾರಿಗೆ ಒಂದು ಸುತ್ತು ಹಾಕಿ, "ಖರೇ ಹೇಳ್ರಿ, ಮತ್ತೇನೇನ್ ರಿಪೇರಿ ಆಗ್ಯಾವ?" ಎಂದು ಕೇಳಿದರು. ಅವರ ತಪ್ಪೇನೂ ಇಲ್ಲ. ರಟ್ಟು ತುರುಕಿದವರು ಮಾಡಿಟ್ಟ ಸಾಲ ಅಷ್ಟು ಬೆಳೆದಿದೆ. ನಿಜ ಹೇಳಿದವನೂ ಅದರಲ್ಲಿ ತನ್ನ ಪಾಲು ತೀರಿಸಬೇಕು.