ಸಹನೆಯನ್ನು ಬೇಡುವ ಅಧಿಕಾರ

ಗೃಹಸ್ಥಧರ್ಮದ ಚರ್ಚೆಗಳಲ್ಲಿ ಸಹನೆಯನ್ನು ಹೆಣ್ಣಿನ ಭೂಷಣವೆಂದು ಹೊಗಳಿದಷ್ಟು ಸಲೀಸಾಗಿ, ಆ ಸಹನೆಯನ್ನು ಆಕೆಯಿಂದ ಬೇಡುವ ಅಧಿಕಾರ ಯಾರಿಗಿದೆ ಎಂಬ ಪ್ರಶ್ನೆಯನ್ನು ಎತ್ತಿದ್ದು ಕಡಿಮೆ. ಹಿಂದೂಪುರ, ಕಲ್ಯಾಣದುರ್ಗದಂತಹ ಆಂಧ್ರದ ಗಡಿಸೀಮೆಯಲ್ಲಿ, ತವರು ಪಾವಗಡದಲ್ಲೋ ಗೌರಿಬಿದನೂರಿನಲ್ಲೋ ಇರುವ ಕನ್ನಡದ ಹೆಣ್ಣುಮಗಳು ಗಂಡನ ಹೊಡೆತ ತಾಳಲಾರದೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದಾಗ ಈ ಪ್ರಶ್ನೆ ಶಾಸ್ತ್ರದ ಪುಟಗಳಿಂದ ಎದ್ದುಬಂದು ಎದುರಿಗೇ ನಿಲ್ಲುತ್ತದೆ.

ಆಕೆ ಬಾಯಲ್ಲಿ ಹೇಳಿದ್ದನ್ನು ಅಧಿಕಾರಿ ಬರೆದುಕೊಂಡು, ಓದಿಹೇಳಿ, ಸಹಿ ಪಡೆದು, ಎಫ್‌ಐಆರ್, ಅಂದರೆ ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಬರವಣಿಗೆ ತೆಲುಗಿನಲ್ಲಿ ನಡೆಯುವ ಠಾಣೆಯಲ್ಲಿ, ಕನ್ನಡವನ್ನಷ್ಟೇ ಓದಬಲ್ಲವಳಿಗೆ ಈ ಓದಿಹೇಳುವ ನಿಯಮವೇ ದೊಡ್ಡ ಆಸರೆ; ತಾನು ಹೇಳಿದ ಹೊಡೆತ ಕಾಗದದ ಮೇಲೆ ಬರೀ ಮನಸ್ತಾಪವಾಗಿ ಇಳಿದಿದೆಯೇ ಎಂಬುದು ಸಹಿಗೆ ಮೊದಲೇ ಆಕೆಗೆ ತಿಳಿಯಬೇಕು. ಕೌಟುಂಬಿಕ ವ್ಯಾಜ್ಯಗಳಲ್ಲಿ ಪ್ರಾಥಮಿಕ ವಿಚಾರಣೆಗೆ ಸುಪ್ರೀಂ ಕೋರ್ಟ್ 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಅವಕಾಶ ಕೊಟ್ಟಿರುವುದರಿಂದ, ಎಫ್‌ಐಆರ್‌ಗೆ ಮುಂಚೆಯೇ ಎರಡೂ ಕಡೆಯವರನ್ನು ಕೂರಿಸಿ ಕೌನ್ಸೆಲಿಂಗ್ ನಡೆಸುವುದುಂಟು. ಹಿರಿಯರು ಅಲ್ಲಿಗೂ ಬಂದು, ಹೊಂದಿಕೊಂಡು ಹೋಗಮ್ಮಾ, ಮಕ್ಕಳ ಮುಖ ನೋಡು ಎನ್ನುವುದುಂಟು.

ಇಲ್ಲಿಯೇ ಧರ್ಮದ ತೊಡಕಿರುವುದು. ಕ್ಷಮೆಯೆಂಬುದು ದಾನವಾದರೆ, ದಾನ ಕೊಡುವವರು ಸ್ವತಂತ್ರರಾಗಿರಬೇಕು. ರಾತ್ರಿ ಮತ್ತೆ ಅದೇ ಮನೆಗೆ ಹೋಗಬೇಕಾದ ಭಯದಲ್ಲಿ ಒತ್ತಿದ ಹೆಬ್ಬೆಟ್ಟು ಕ್ಷಮೆಯಲ್ಲ, ಶರಣಾಗತಿ. ಆಂಧ್ರಪ್ರದೇಶದ ಶಾಸನಸಭೆ ಇದನ್ನು ಒಮ್ಮೆ ಸರಿಯಾಗಿಯೇ ಗ್ರಹಿಸಿತ್ತು: ಗಂಡ ಮತ್ತು ಆತನ ಬಂಧುಗಳ ಕ್ರೌರ್ಯಕ್ಕೆ ಸಂಬಂಧಿಸಿದ, ಆಗಿನ ಭಾರತೀಯ ದಂಡ ಸಂಹಿತೆಯ 498-ಎ ಕಲಮಿನ ಮೊಕದ್ದಮೆಯಲ್ಲಿ ರಾಜಿಗೆ 2003ರ ತಿದ್ದುಪಡಿಯಿಂದ ಅವಕಾಶ ಮಾಡಿಕೊಟ್ಟರೂ, ರಾಜಿಯ ಕೋರಿಕೆಗೂ ನ್ಯಾಯಾಲಯ ಅದನ್ನು ಒಪ್ಪುವುದಕ್ಕೂ ನಡುವೆ ಕನಿಷ್ಠ ಮೂರು ತಿಂಗಳು ಕಳೆಯಬೇಕೆಂದು ವಿಧಿಸಿತ್ತು. ಮನಸ್ಸು ಬದಲಿಸಲು ಕಾಲ ಕೊಡದ ರಾಜಿಯನ್ನು ಧರ್ಮಸಮ್ಮತವೆನ್ನಲಾಗದು.

ದೂರು ಕೊಟ್ಟೊಡನೆ ಬಂಧನವಾಗುತ್ತದೆಂಬ ನಂಬಿಕೆಯೂ ತಪ್ಪು. ಕ್ರೌರ್ಯದ ಅಪರಾಧ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಿನಡಿ ಬರುತ್ತದೆ, ಶಿಕ್ಷೆ ಮೂರು ವರ್ಷದವರೆಗೆ. ಅರ್ನೇಶ್ ಕುಮಾರ್ ಪ್ರಕರಣದ 2014ರ ತೀರ್ಪಿನಂತೆ ಅವಶ್ಯಕತೆ ಕಾಣದಿದ್ದರೆ ಬಂಧಿಸದೆ ನೋಟಿಸ್ ಕೊಡುತ್ತಾರೆ, ಗಂಡ ಸಂಜೆಗೆ ಮನೆಗೆ ಬಂದಿರುತ್ತಾನೆ. ಆದ್ದರಿಂದಲೇ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ 2005ರ ಕಾಯ್ದೆಯಡಿ ಮ್ಯಾಜಿಸ್ಟ್ರೇಟರಿಂದ ರಕ್ಷಣಾ ಆದೇಶವನ್ನೂ ವಾಸದ ಆದೇಶವನ್ನೂ ಪಡೆಯುವುದು ಮುಖ್ಯ. ರಕ್ಷಣಾ ಆದೇಶ ಮೀರಿದರೆ ಒಂದು ವರ್ಷದವರೆಗೆ ಸೆರೆವಾಸವಿದೆ.

ಸಹಿಸಲಾರದೆ ಮನೆ ಬಿಡುವುದೂ ಅಧರ್ಮವಲ್ಲ. ಹರಿಹರನ ರಗಳೆಯಲ್ಲಿ ಮಹಾದೇವಿಯಕ್ಕ ರಾಜ ಕೌಶಿಕನನ್ನು ಕರಾರಿನ ಮೇಲೆ ವರಿಸಿ, ಆತ ಕರಾರು ಮುರಿದಾಗ ಹೊರಟುಹೋಗುತ್ತಾಳೆ. ಅಲ್ಲಿ ಸಂಬಂಧ ಕಡಿದವನು ಮಾತು ತಪ್ಪಿದವನೇ ಹೊರತು ಹೊಸ್ತಿಲು ದಾಟಿದವಳಲ್ಲ. ಕನ್ನಡ ನಾಡು ಆಕೆಯನ್ನು ಅಕ್ಕನೆಂದೇ ಕರೆಯಿತು. ಮನೆ ಬಿಟ್ಟವಳ ನ್ಯಾಯದ ಹಕ್ಕು ಮನೆಯಲ್ಲೇ ಉಳಿದುಹೋಗುವುದಿಲ್ಲವೆಂದು ಇಂದಿನ ನ್ಯಾಯವೂ ಒಪ್ಪಿದೆ: ರೂಪಾಲಿ ದೇವಿ ಪ್ರಕರಣದ 2019ರ ತೀರ್ಪಿನ ಪ್ರಕಾರ, ಕ್ರೌರ್ಯಕ್ಕೆ ಬೇಸತ್ತು ಹೊರಬಂದ ಹೆಂಡತಿ ತಾನು ಆಶ್ರಯ ಪಡೆದ ಊರಿನಲ್ಲೇ ಮೊಕದ್ದಮೆ ಹೂಡಬಹುದು, ಕಲ್ಯಾಣದುರ್ಗದಿಂದ ಪಾವಗಡದ ತವರಿಗೆ ಬಂದವಳು ದೂರು ಕೊಡಲು ಮತ್ತೆ ಗಡಿ ದಾಟಿ ಹೋಗಬೇಕಿಲ್ಲ.